ಅಮ್ಮನಿಗೆ ಬೇಕಿರುವುದು ಆಯಾನೋ, ನರ್ಸೋ?

“ನಾಳೆ ಡಿಸ್ಚಾರ್ಜ್ ಮಾಡ್ತೀವಿ” ಎಂದು ಆಸ್ಪತ್ರೆಯವರು ಹೇಳಿದ ಸಂಜೆಯೇ ಬಹುತೇಕ ಮನೆಗಳಲ್ಲಿ ಹುಡುಕಾಟ ಶುರುವಾಗುತ್ತದೆ. ಮಗಳು ವೃದ್ಧಾಶ್ರಮಗಳ ಪಟ್ಟಿ ತೆಗೆಯುತ್ತಾಳೆ, ಅಳಿಯ ಪರಿಚಯದ ನರ್ಸಿಂಗ್ ಹೋಂಗೆ ಫೋನ್ ಮಾಡುತ್ತಾನೆ, ಹೊರದೇಶದಲ್ಲಿರುವ ಮಗ “ದುಡ್ಡು ಎಷ್ಟಾದ್ರೂ ಆಗ್ಲಿ, ಒಳ್ಳೇದು ನೋಡಿ” ಅಂತಾನೆ. ಅಮ್ಮನ ಮೈಗೆ ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಏನೇನು ಆಗಬೇಕು, ಅದನ್ನು ಮಾಡುವ ಕೈ ಯಾರದು ಎಂದು ಮಾತ್ರ ಮೂವರೂ ಕೇಳುವುದಿಲ್ಲ. ಕಾಯಿಲೆಯ ಹೆಸರು ಹಿಡಿದು ಜಾಗ ಹುಡುಕಿದರೆ ಲೆಕ್ಕ ತಪ್ಪುತ್ತದೆ. ಪಾರ್ಶ್ವವಾಯು ಹೊಡೆದ ಇಬ್ಬರಲ್ಲಿ ಒಬ್ಬರಿಗೆ ಕೈ ಹಿಡಿದು ನಡೆಸುವ ಆಯಾ ಸಾಕು, ಇನ್ನೊಬ್ಬರಿಗೆ ಮೂಗಿನ ನಳಿಕೆ ನೋಡಿಕೊಳ್ಳುವ ನರ್ಸ್ ಬೇಕು.

ಬೋರ್ಡುಗಳನ್ನಂತೂ ನಂಬುವ ಹಾಗಿಲ್ಲ. ಒಳಗೆ ಹೋದರೆ ಸ್ಥೂಲವಾಗಿ ಮೂರು ಬಗೆ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಊಟ, ಹಾಸಿಗೆ, ಜೊತೆ ಕೊಡುವ ವೃದ್ಧಾಶ್ರಮ. ಸ್ನಾನ, ಬಟ್ಟೆ, ಶೌಚಕ್ಕೆ ಅಟೆಂಡರ್ ಇರುವ ಕೇರ್ ಹೋಂ. ಹಗಲೂ ರಾತ್ರಿಯೂ ನೋಂದಾಯಿತ ನರ್ಸ್ ಇರುವ ನರ್ಸಿಂಗ್ ಕೇರ್ ಕೇಂದ್ರ. ಬಡಾವಣೆಯ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಂ ಈ ಮೂರರಲ್ಲಿ ಯಾವುದೂ ಅಲ್ಲ, ಅದು ಚಿಕ್ಕ ಆಸ್ಪತ್ರೆ. ಡಾಕ್ಟರು ಪರಿಚಯ ಎಂದು ಅಲ್ಲಿ ತಿಂಗಳುಗಟ್ಟಲೆ ಇಟ್ಟರೆ ದಿನದ ಲೆಕ್ಕದಲ್ಲಿ ಬಿಲ್ ಏರುತ್ತದೆ, ಪಕ್ಕದ ಹಾಸಿಗೆಯ ಸೋಂಕು ಅಂಟುತ್ತದೆ, ನಡೆಸುವವರಿಲ್ಲದೆ ಕಾಲು ಬಿಗಿಯುತ್ತದೆ.

ಡಿಸ್ಚಾರ್ಜ್ ಸಮರಿಯಲ್ಲಿ ಕಾಯಿಲೆ, ಔಷಧಿಗಳ ಹೆಸರು ಇರುತ್ತವೆಯೇ ಹೊರತು ಮೈ ಒರೆಸಲು ಎಷ್ಟು ಜನ ಬೇಕು ಎಂಬುದು ಇರುವುದಿಲ್ಲ. ಅದು ಗೊತ್ತಿರುವುದು ವಾರ್ಡಿನ ಸಿಸ್ಟರಿಗೆ. ಬಿಡುಗಡೆಗೆ ಮುಂಚಿನ ದಿನ ಒಂದು ಹಾಳೆ ಹಿಡಿದು ಅವರ ಬಳಿ ನಿಂತು ಎರಡು ಸಾಲು ಬರೆಯಿರಿ. ಮೊದಲ ಸಾಲಿಗೆ ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಹಿಡಿತ, ಊಟ. ಈ ಆರರಲ್ಲಿ ಯಾವುದು ತಾನಾಗಿ, ಯಾವುದಕ್ಕೆ ಒಬ್ಬರ ಆಸರೆ, ಯಾವುದಕ್ಕೆ ಇಬ್ಬರು? ಎರಡನೆಯ ಸಾಲಿಗೆ ಮೂಗಿನ ಅಥವಾ ಹೊಟ್ಟೆಯ ನಳಿಕೆ, ಮೂತ್ರದ ನಳಿಕೆ (ಕ್ಯಾಥೆಟರ್), ಶುಗರ್ ನೋಡಿ ಡೋಸ್ ಬದಲಿಸಬೇಕಾದ ಇನ್ಸುಲಿನ್, ಉಸಿರಾಟಕ್ಕೆಂದು ಗಂಟಲಲ್ಲಿ ಮಾಡಿದ ತೂತು (ಟ್ರಕಿಯಾಸ್ಟಮಿ), ಕಫ ಎಳೆಯುವ ಸಕ್ಷನ್, ಆಮ್ಲಜನಕ, ಆಳವಾದ ಗಾಯದ ಡ್ರೆಸ್ಸಿಂಗ್.

ಎರಡನೆಯ ಸಾಲು ಖಾಲಿ ಇದ್ದರೆ ಮೊದಲನೆಯದು ಎಷ್ಟೇ ತುಂಬಿರಲಿ, ಒಳ್ಳೆಯ ಕೇರ್ ಹೋಂ ಸಾಕು. ಅದರಲ್ಲಿ ಒಂದೇ ಒಂದು ಇದ್ದರೂ ರಾತ್ರಿ ಪಾಳಿಯಲ್ಲಿ ನರ್ಸ್ ಇಲ್ಲದ ಜಾಗ ಬೇಡ. ಇಲ್ಲಿ ನರ್ಸ್ ಎಂದರೆ ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಓದಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು. ನೀಲಿ ಸ್ಕ್ರಬ್ಸ್ ಹಾಕಿಕೊಂಡವರನ್ನೆಲ್ಲ ‘ಸಿಸ್ಟರ್’ ಎಂದು ಕರೆಯುವುದು ವಾಡಿಕೆ. ಅವರಲ್ಲಿ ಅರ್ಧಕ್ಕರ್ಧ ಕೆಲವು ವಾರ ತರಬೇತಿ ಪಡೆದ ಅಟೆಂಡರ್‌ಗಳೇ ಆಗಿರಬಹುದು. ನೋಂದಣಿ ಸಂಖ್ಯೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಂಡರೆ ಅದೂ ಒಂದು ಉತ್ತರವೇ.

ನರ್ಸ್ ಯಾಕೆ ಬೇಕು ಎಂಬುದಕ್ಕೆ ಮೂಗಿನ ನಳಿಕೆಯ ಊಟ ಒಂದನ್ನೇ ಹತ್ತಿರದಿಂದ ನೋಡಿ. ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತಬೇಕು. ಮೂಗಿನ ಬಳಿ ನಳಿಕೆಯ ಗುರುತು ನೆನ್ನೆ ಇದ್ದಲ್ಲೇ ಇದೆಯೇ ನೋಡಬೇಕು. ಸಿರಿಂಜಿನಿಂದ ಸ್ವಲ್ಪ ಹಿಂದಕ್ಕೆಳೆದು ಹೊಟ್ಟೆಯ ರಸ ಬರುತ್ತದೆಯೇ, ಹಿಂದಿನ ಊಟ ಹಾಗೇ ನಿಂತಿದೆಯೇ ಎಂದು ಪರೀಕ್ಷಿಸಬೇಕು. ಆಮೇಲೆ ಸೋಸಿದ ಗಂಜಿಯೋ ಪುಡಿ ಕದಡಿದ ಹಾಲೋ 200ರಿಂದ 250 ಎಂಎಲ್, ಸಿರಿಂಜಿನ ದಂಡ ತೆಗೆದು, ಒತ್ತದೆ, ತನ್ನ ಭಾರಕ್ಕೆ ತಾನೇ ಇಳಿಯುವಂತೆ. ಕೊನೆಗೆ 30ರಿಂದ 50 ಎಂಎಲ್ ನೀರು ಹಾಕಿ ನಳಿಕೆ ತೊಳೆಯಬೇಕು, ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಒರಗಿಸಿಯೇ ಇಡಬೇಕು. ಇದು ದಿನಕ್ಕೆ ಆರು ಸಲ. ಅವಸರದಲ್ಲಿರುವವರು ದಂಡ ಹಾಕಿ ಒತ್ತಿ, ಎರಡು ನಿಮಿಷದಲ್ಲಿ ಮುಗಿಸಿ, ಡಯಾಪರ್ ಬದಲಿಸಲು ಕೂಡಲೇ ಹಾಸಿಗೆ ಮಟ್ಟ ಮಾಡಿಬಿಡುತ್ತಾರೆ. ಗಂಜಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡು ದಿನದಲ್ಲಿ ಜ್ವರ, ಏದುಸಿರು, ಮತ್ತೆ ಐಸಿಯು.

ಕ್ಯಾಥೆಟರಿನದೂ ಹೀಗೇ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು. ವ್ಹೀಲ್‌ಚೇರಿಗೆ ಕೂರಿಸುವಾಗ ಅಟೆಂಡರ್ ಅದನ್ನೆತ್ತಿ ಅಜ್ಜನ ತೊಡೆಯ ಮೇಲಿಡುತ್ತಾರೆ, ನಳಿಕೆಯಲ್ಲಿ ನಿಂತಿದ್ದು ವಾಪಸ್ ಒಳಗೆ ಹರಿಯುತ್ತದೆ. ವಯಸ್ಸಾದವರಲ್ಲಿ ಮೂತ್ರದ ಸೋಂಕು ಉರಿಯಾಗಿಯೇ ಕಾಣಬೇಕೆಂದಿಲ್ಲ. ಇದ್ದಕ್ಕಿದ್ದಂತೆ ಮಂಕಾಗುವುದು, ಇಲ್ಲದವರನ್ನು ಕರೆಯುವುದು, ಊಟ ಬಿಡುವುದು, ಇಷ್ಟೇ ಸೂಚನೆ. ಇದನ್ನು ‘ವಯಸ್ಸಾಯ್ತಲ್ಲ’ ಎಂದು ಬಿಡುವವರಿಗೂ, ಜ್ವರ ನೋಡಿ ಡಾಕ್ಟರಿಗೆ ಫೋನ್ ಮಾಡುವವರಿಗೂ ಇರುವ ಅಂತರಕ್ಕೇ ನೀವು ಹೆಚ್ಚು ದುಡ್ಡು ಕೊಡುವುದು.

ಎರಡು ಸಾಲಿನ ನಡುವೆ ಸಿಕ್ಕಿಬೀಳುವ ಒಂದು ಗುಂಪಿದೆ: ನಳಿಕೆ, ಸೂಜಿ ಏನೂ ಇಲ್ಲ, ಆದರೆ ಪೂರ್ತಿ ಹಾಸಿಗೆ ಹಿಡಿದವರು. ಕಾಗದದ ಮೇಲೆ ಇವರಿಗೆ ಕೇರ್ ಹೋಂ ಸಾಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ನರ್ಸಿಂಗ್ ಓದಬೇಕಿಲ್ಲ. ಆದರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೂವತ್ತು ಜನಕ್ಕೆ ಇಬ್ಬರೇ ಇದ್ದರೆ ಯಾರೂ ಮಗ್ಗುಲು ಬದಲಿಸುವುದಿಲ್ಲ. ಹಾಸಿಗೆ ಹುಣ್ಣು ಹುಟ್ಟುವುದು ಆ ಎಂಟು ಗಂಟೆಯಲ್ಲಿ. ಹಾಗಾಗಿ ಕೇಳಬೇಕಾದ್ದು ‘ಒಟ್ಟು ಎಷ್ಟು ಸಿಬ್ಬಂದಿ’ ಎಂದಲ್ಲ, ‘ಇವತ್ತು ರಾತ್ರಿ ಈ ಮಹಡಿಯಲ್ಲಿ ಎದ್ದಿರುವವರು ಎಷ್ಟು’ ಎಂದು. ಮಗ್ಗುಲು ಬದಲಿಸಿದ ಚಾರ್ಟ್ ತೋರಿಸಿ ಎನ್ನಿ. ಹನ್ನೆರಡು, ಎರಡು, ನಾಲ್ಕು ಎಂದು ದುಂಡಗೆ, ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ವಾರದ ಏಳೂ ದಿನ ಒಂದೇ ರೀತಿ ಇದ್ದರೆ ಅದನ್ನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಬರೆದಿದ್ದಾರೆ. ನಿಜವಾದ ಚಾರ್ಟ್ ಕೊಳಕಾಗಿರುತ್ತದೆ, 2.20 ಎಂದಿರುತ್ತದೆ, ‘ಮಲಗಿದ್ದರು, ಬೇಡ ಅಂದ್ರು’ ಎಂದೂ ಇರುತ್ತದೆ.

‘ಏರ್ ಬೆಡ್ ಇದೆ’ ಎಂಬ ಮಾತಿಗೆ ಸಮಾಧಾನವಾಗಬೇಡಿ. ಅಂಗೈ ಮೇಲ್ಮುಖ ಮಾಡಿ, ಮಲಗಿದವರ ಸೊಂಟದ ಮೂಳೆಯ ನೇರಕ್ಕೆ ಗಾಳಿಹಾಸಿಗೆಯ ಅಡಿಗೆ ತೂರಿಸಿ. ನಡುವೆ ಒಂದಿಂಚಾದರೂ ಗಾಳಿ ಇಲ್ಲದೆ ಮೂಳೆ ಕೈಗೆ ತಾಗಿದರೆ ಪಂಪಿನ ಒತ್ತಡ ತೂಕಕ್ಕೆ ತಕ್ಕಂತೆ ಇಟ್ಟಿಲ್ಲ, ಇಲ್ಲವೇ ಹಾಸಿಗೆ ಸೋರುತ್ತಿದೆ. ಪ್ರತಿ ಭೇಟಿಯಲ್ಲೂ ಸಾಕ್ಸ್ ತೆಗೆದು ಹಿಮ್ಮಡಿ ನೋಡಿ. ಕೆಂಪಗಿರುವ ಜಾಗ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗೇ ಉಳಿದರೆ ಹುಣ್ಣು ಆಗಲೇ ಶುರುವಾಗಿದೆ. ನಮ್ಮವರ ಕಂದು ಮೈಬಣ್ಣದಲ್ಲಿ ಕೆಂಪು ಕಾಣುವುದು ಕಷ್ಟ. ಸುತ್ತಲಿಗಿಂತ ಕಪ್ಪಗೆ, ಬಿಸಿಯಾಗಿ ಅಥವಾ ಗಟ್ಟಿಯಾಗಿ ಇದೆಯೇ ಎಂದು ಮುಟ್ಟಿ ನೋಡಬೇಕು.

ಮರೆವಿನ ಕಾಯಿಲೆಯವರನ್ನು ‘ಸೇಫ್ ಆಗಿರ್ಲಿ’ ಎಂದು ನರ್ಸಿಂಗ್ ಕೇರ್‌ಗೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ಓಡಾಡಬಲ್ಲ ಡಿಮೆನ್ಶಿಯಾ ರೋಗಿಗೆ ಬೇಕಾದ್ದು ಬೀಗವಿರುವ ಗೇಟು, ತಿರುಗಾಡಲು ಅಂಗಳ, ಸಂಜೆ ನಾಲ್ಕರ ನಂತರ ‘ಮನೆಗೆ ಹೋಗ್ಬೇಕು’ ಎಂದು ಶುರುವಾಗುವ ಚಡಪಡಿಕೆಯನ್ನು ತಾಳ್ಮೆಯಿಂದ ತಿರುಗಿಸುವ ಜನ. ಸಾಲು ಹಾಸಿಗೆಗಳ ವಾರ್ಡಿನಲ್ಲಿ ಅವರಿಗೆ ಸಿಗುವುದು ಕೈಕಟ್ಟು ಅಥವಾ ನಿದ್ದೆ ಮಾತ್ರೆ. ಎರಡರಿಂದಲೂ ನಡಿಗೆ ಹೋಗುತ್ತದೆ, ನಡಿಗೆ ಹೋದ ಮೇಲೆ ನಿಜಕ್ಕೂ ನರ್ಸ್ ಬೇಕಾಗುತ್ತದೆ. ನುಂಗುವುದು ಕಷ್ಟವಾಗುವ ಕೊನೆಯ ಹಂತದ ಮಾತು ಬೇರೆ.

ಪಾರ್ಕಿನ್ಸನ್ ಇದ್ದವರಿಗೆ ನರ್ಸಿಗಿಂತ ಗಡಿಯಾರ ಮುಖ್ಯ. ಬಹಳ ಕಡೆ ಮಾತ್ರೆ ಹಂಚುವುದು ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಎಂಟು. ಈ ಕಾಯಿಲೆಯ ಮುಖ್ಯ ಔಷಧಿ ಲೆವೊಡೋಪಾ ದಿನಕ್ಕೆ ಐದು ಸಲ ಇದ್ದರೆ, ಅದೂ ಊಟಕ್ಕೆ ಅರ್ಧ ಗಂಟೆ ಮೊದಲು, ಆ ಮೂರು ಸುತ್ತಿನಲ್ಲಿ ಅದು ಕೂರುವುದಿಲ್ಲ. ತಡವಾದರೆ ಮೈ ಮರಗಟ್ಟಿ ತುತ್ತು ನುಂಗಲೂ ಆಗದು. ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ರಾತ್ರಿ ಊಟ ಎಷ್ಟು ಗಂಟೆಗೆ ಎಂದು ಕೇಳಿ. ಅಡುಗೆಯವರು ಮನೆಗೆ ಹೋಗಬೇಕೆಂದು ಆರೂವರೆಗೇ ಬಡಿಸಿ ತಿಂಡಿ ಎಂಟೂವರೆಗೆ ಕೊಟ್ಟರೆ ನಡುವೆ 14 ಗಂಟೆ ಖಾಲಿ ಹೊಟ್ಟೆ. ಬೆಳಗಿನ ಜಾವ ಶುಗರ್ 70ಕ್ಕಿಂತ ಕೆಳಗಿಳಿದರೆ ನೋಡುವವರಿಗೆ ಅದು ಗಾಢ ನಿದ್ದೆಯಂತೆ ಕಾಣುತ್ತದೆ.

ಇನ್ನು ಭಾಷೆ. ಬೆಂಗಳೂರಿನ ಅಟೆಂಡರ್‌ಗಳಲ್ಲಿ ಬಹಳ ಮಂದಿ ಅಸ್ಸಾಂ, ಒಡಿಶಾ, ಜಾರ್ಖಂಡ್ ಕಡೆಯವರು. ಒಳ್ಳೆಯ ಕೆಲಸಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಜ್ಜಿ ‘ಒಂದಕ್ಕೆ ಬಂತು’ ಅಂದರೆ ಅವರಿಗೆ ತಿಳಿಯಬೇಕಲ್ಲ. ಮರೆವು ಹೆಚ್ಚಿದಂತೆ ಕಲಿತ ಭಾಷೆಗಳು ಮೊದಲು ಜಾರುತ್ತವೆ, ಕೊನೆಗೆ ಉಳಿಯುವುದು ಕನ್ನಡವೋ ತುಳುವೋ ಮಾತ್ರ. ಪ್ರತಿ ಪಾಳಿಯಲ್ಲೂ ಆ ಭಾಷೆಯವರು ಒಬ್ಬರು ಇದ್ದಾರೆಯೇ ಕೇಳಿ. ಇಲ್ಲದಿದ್ದರೆ ಹತ್ತು ಹದಿನೈದು ಪದಗಳನ್ನು ಹಿಂದಿ ಅರ್ಥದೊಂದಿಗೆ ದೊಡ್ಡದಾಗಿ ಬರೆದು ಮಂಚದ ತಲೆಗೆ ಅಂಟಿಸಿ.

ಕಾಗದಪತ್ರಕ್ಕೆ ಬಂದರೆ, ವೈದ್ಯಕೀಯ ಆರೈಕೆ ಕೊಡುತ್ತೇವೆ ಎನ್ನುವ ಜಾಗದಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ಕೆಪಿಎಂಇ ನೋಂದಣಿ ಪತ್ರ ಗೋಡೆಯ ಮೇಲಿರಬೇಕು. ಅವಧಿ ಮುಗಿದಿದೆಯೇ ನೋಡಿ. ಬಳಸಿದ ಸೂಜಿ ಎಲ್ಲಿ ಹಾಕುತ್ತೀರಿ ಎಂದೂ ಕೇಳಿ. ಚುಚ್ಚಿದರೂ ತೂತಾಗದ ಬಿಳಿ ಡಬ್ಬ ತೋರಿಸಬೇಕು, ಅಡುಗೆಮನೆಯ ಕಸದ ಬುಟ್ಟಿಯನ್ನಲ್ಲ.

ಆರೋಗ್ಯ ವಿಮೆಯ ಆಸೆ ಇಟ್ಟುಕೊಳ್ಳಬೇಡಿ. ಪಾಲಿಸಿ ತೆಗೆದು ಹೊರಗಿಡುವಿಕೆಗಳ ಪಟ್ಟಿಯಲ್ಲಿ 05ನೇ ಸಂಕೇತ ಓದಿ: ಸ್ನಾನ, ಬಟ್ಟೆ, ಓಡಾಟದಂಥ ವೈಯಕ್ತಿಕ ಆರೈಕೆಯನ್ನು ಮನೆಯಲ್ಲಾಗಲಿ ಕೇಂದ್ರದಲ್ಲಾಗಲಿ, ನರ್ಸೇ ಮಾಡಿದರೂ, ಕೊಡುವುದಿಲ್ಲ. 70 ದಾಟಿದವರ ಆಯುಷ್ಮಾನ್ ಕಾರ್ಡಿನ 5 ಲಕ್ಷವೂ ಆಸ್ಪತ್ರೆಯ ಚಿಕಿತ್ಸೆಗೇ ಹೊರತು ಇದಕ್ಕಲ್ಲ. ಕೈಯಿಂದಲೇ ಹೋಗುವ ದುಡ್ಡಾದ್ದರಿಂದ ತಿಂಗಳ ಮೊತ್ತದೊಳಗೆ ಏನಿಲ್ಲ ಎಂಬುದನ್ನು ಬರೆಸಿಕೊಳ್ಳಿ. ದಿನಕ್ಕೆ ನಾಲ್ಕು ಡಯಾಪರ್ ಎಂದರೆ ತಿಂಗಳಿಗೆ 120. ಫಿಸಿಯೋಥೆರಪಿ, ಆಂಬುಲೆನ್ಸ್, ಆಸ್ಪತ್ರೆಯಲ್ಲಿ ಜೊತೆಗೆ ಕೂರುವವರ ದಿನಗೂಲಿ ಬೇರೆ. ಜಿಎಸ್‌ಟಿ ಸೇರಿದೆಯೋ ಇಲ್ಲವೋ? ಆಸ್ಪತ್ರೆಗೆ ದಾಖಲಾದ ದಿನಗಳಿಗೂ ಪೂರ್ತಿ ಬಾಡಿಗೆಯೋ? ತೀರಿಕೊಂಡರೆ ಠೇವಣಿ ಎಷ್ಟು ದಿನದಲ್ಲಿ ವಾಪಸ್? ಕೊನೆಯದನ್ನು ಕೇಳಲು ಮುಜುಗರವಾಗುತ್ತದೆ, ಕೇಳಲೇಬೇಕು. ಅಮ್ಮ ಹಾಸಿಗೆ ಹಿಡಿದರೆ ಅಲ್ಲೇ ಇಟ್ಟುಕೊಳ್ಳುತ್ತಾರೋ, ‘ಕರ್ಕೊಂಡು ಹೋಗಿ’ ಅನ್ನುತ್ತಾರೋ ಎಂಬುದೂ ಒಪ್ಪಂದದಲ್ಲಿರಲಿ. ಎಷ್ಟೋ ವೃದ್ಧಾಶ್ರಮಗಳ ಅರ್ಜಿಯಲ್ಲೇ ‘ಸ್ವಂತ ಕೆಲಸ ಮಾಡಿಕೊಳ್ಳುವವರಿಗೆ ಮಾತ್ರ’ ಎಂದು ಇರುತ್ತದೆ, ಓದದೆ ಸಹಿ ಹಾಕಿರುತ್ತೇವೆ.

ಒಮ್ಮೆ ಆರಿಸಿದರೆ ಮುಗಿಯಿತು ಎಂದೇನಿಲ್ಲ. ಪಾರ್ಶ್ವವಾಯುವಿನ ಚೇತರಿಕೆ ಹೆಚ್ಚು ವೇಗವಾಗಿರುವುದು ಮೊದಲ ಮೂರು ತಿಂಗಳು. ಆ ಅವಧಿಗೆ ದಿನವೂ ಫಿಸಿಯೋಥೆರಪಿ ಇರುವ ನರ್ಸಿಂಗ್ ಕೇರ್‌ನಲ್ಲಿಟ್ಟು, ನಳಿಕೆ ತೆಗೆದು ಬಾಯಿಂದ ಊಟ ಶುರುವಾದ ಮೇಲೆ ಕೇರ್ ಹೋಂಗೆ ಬದಲಿಸಬಹುದು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಆದವರಿಗೂ ಇದೇ ದಾರಿ. ಗುಣವಾಗದ ಕ್ಯಾನ್ಸರ್ ಆದರೆ ಎರಡೂ ಬೇಡ, ನೋವು ನಿಭಾಯಿಸಲು ಬಲ್ಲ ಉಪಶಾಮಕ ಆರೈಕೆಯ ಜಾಗ ಬೇಕು. ಬೆಂಗಳೂರಿನ ಕರುಣಾಶ್ರಯ ಅದನ್ನು ಉಚಿತವಾಗಿ ಮಾಡುತ್ತದೆ. ಯಾವುದೇ ಜಾಗವಾದರೂ ಮೊದಲು ಎರಡು ವಾರಕ್ಕೆಂದು ಸೇರಿಸಿ ನೋಡಿ, ದೊಡ್ಡ ಠೇವಣಿ ಆಮೇಲೆ. ಹಿರಿಯರ ಮೇಲೆ ಕೈ ಮಾಡುವುದು, ಉಪವಾಸ ಕೆಡವುವುದು ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು, ಕರೆ ಉಚಿತ.

ಸೇರಿಸಿದ ದಿನ ಅವರದೇ ತೂಕದ ಯಂತ್ರದಲ್ಲಿ ತೂಕ ಮಾಡಿಸಿ ಫೋಟೋ ತೆಗೆದುಕೊಳ್ಳಿ, ಏಳಲಾರದವರಿಗೆ ತೋಳಿನ ನಡುಭಾಗದ ಸುತ್ತಳತೆ ಟೇಪಿನಲ್ಲಿ ಅಳೆದಿಡಿ. ತಿಂಗಳಿಗೊಮ್ಮೆ ಅದೇ ಅಳತೆ. 50 ಕೆ.ಜಿ. ಇದ್ದವರು ತಿಂಗಳಲ್ಲಿ ಎರಡೂವರೆ ಕೆ.ಜಿ. ಇಳಿದಿದ್ದರೆ ‘ಚೆನ್ನಾಗಿ ತಿಂತಾರೆ ಸಾರ್’ ಎಂಬ ಉತ್ತರ ಒಪ್ಪಬೇಡಿ. ಊಟದ ಹೊತ್ತಿಗೇ ಹೋಗಿ ಕೂತು, ತಟ್ಟೆ ಎಷ್ಟು ಖಾಲಿಯಾಗಿ ವಾಪಸ್ ಹೋಗುತ್ತದೆ ನೋಡಿ.