‘ಆ ಅಜ್ಜಾರು ಖರೇ ಹೇಳ್ತಾರೇನ್ರಿ?’

ವಿಜಯಪುರದ ಕಡೆ ಮದುವೆ ಮುರಿದರೆ, ಬೋರು ಬತ್ತಿದರೆ, ಮಗ ನಪಾಸಾದರೆ ಮೂರು ದಿನದೊಳಗೆ ಯಾರಾದರೂ ಬಂದು ಒಂದು ಊರಿನ ಹೆಸರು ಹೇಳಿ ಹೋಗುತ್ತಾರೆ: ‘ಅಲ್ಲೊಬ್ರು ಅದಾರ, ಒಮ್ಮೆ ಕೇಳಿಸ್ಕೊಂಡು ಬರ್ರಿ.’ ಹೊರಡುವ ಮೊದಲು ಕೆಲವರು ನನ್ನನ್ನು ಕೇಳುತ್ತಾರೆ, ಆ ಹೇಳಿಕೆ ಹೇಳುವ ಅಜ್ಜಾರು (ಸ್ವಾಮಿಗಳು) ಖರೇ ಹೇಳ್ತಾರೋ ಸುಳ್ಳೋ ಅಂತ.

ಅವರನ್ನು ಆಮೇಲೆ ನೋಡೋಣ. ಮೊದಲು ನಿಮ್ಮ ಪ್ರಶ್ನೆಯನ್ನು ಚೀಟಿಯ ಮೇಲೆ ಒಂದೇ ಸಾಲಿನಲ್ಲಿ ಬರೆಯಿರಿ. ‘ಹೊಲದ ಪಾಲು ಯಾಕ ಸಿಗವಲ್ದು’ ಎಂದು ಬರೆದಿದ್ದರೆ ಅದು ಉತಾರ (ಪಹಣಿ), ವಾಟ್ನಿ ಪತ್ರ (ಪಾಲುಪತ್ರ) ನೋಡಬಲ್ಲ ವಕೀಲರ ಪ್ರಶ್ನೆ. ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಪುಕ್ಕಟೆ. ‘ಸೊಸಿ ರಾತ್ರಿ ನಿದ್ದಿ ಮಾಡೂದಿಲ್ಲ, ಒಬ್ಬಾಕಿನ ಮಾತಾಡ್ತಾಳ’ ಎಂದಿದ್ದರೆ ಅದು ವೈದ್ಯರದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆಸ್ಪತ್ರೆ ಇದೆ. ದೂರವಾಯಿತೆಂದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಾವು ಕಚ್ಚಿದ್ದರೆ ಚೀಟಿ ಬರೆಯುತ್ತ ಕೂಡಬೇಡಿ, ಸರಕಾರಿ ದವಾಖಾನೆಗೆ ಓಡಿ. ಮಂತ್ರ ಹಾಕಿಸಿಕೊಂಡು ಬದುಕಿದವರು ಇಲ್ಲವೆಂದಲ್ಲ. ಕಚ್ಚುವ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವೇ ಇರುವುದಿಲ್ಲ, ನಾಗರಹಾವೂ ಒಮ್ಮೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅವರು ಬದುಕಿದ್ದು ಹೀಗೆ, ಹೆಸರು ಬಂದದ್ದು ಮಂತ್ರಕ್ಕೆ.

ಇಷ್ಟೆಲ್ಲ ತೆಗೆದ ಮೇಲೆ ಉಳಿಯುವುದು ಸತ್ತವರ ದುಃಖ, ಕಾರಣ ತಿಳಿಯದ ಅಂಜಿಕೆ, ಇನ್ನು ಯಾತಕ್ಕೆ ಬದುಕಬೇಕೆಂಬ ಮಾತು. ಇಂಥದ್ದಕ್ಕೆ ಗುರುಗಳ ಹತ್ತಿರ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಯಾರ ಹತ್ತಿರ ಅನ್ನುವುದಷ್ಟೇ ಪ್ರಶ್ನೆ.

‘ನಾವು ಬಾಯಿನೇ ಬಿಡಲಿಲ್ರಿ, ಎಲ್ಲಾ ಅವರ ಹೇಳಿದ್ರು’ ಎಂದು ಬೆರಗಾಗುವವರು ಬಹಳ. ಬಾಯಿ ಬಿಟ್ಟಿರುತ್ತಾರೆ. ಹೊರಗೆ ಕಟ್ಟೆಯ ಮೇಲೆ ಪಾಳಿ ಕಾಯುವಾಗ ಪಕ್ಕದಲ್ಲೊಬ್ಬ ಚಹಾ ಕುಡಿಯುತ್ತ ‘ಯಾವೂರ್ರಿ? ಆರಾಮಿಲ್ಲದವ್ರು ಯಾರು?’ ಎಂದು ಕೇಳಿರುತ್ತಾನೆ. ಅವನಿಲ್ಲದಿದ್ದರೂ ಒಳಗಿನ ಮಾತು ಹೀಗೆ ನಡೆಯುತ್ತದೆ:

‘ಮನ್ಯಾಗ ಒಬ್ರಿಗೆ ಮೊಣಕಾಲಿಂದು ಐತಿ.’
‘ಹೌದ್ರಿ ಅಜ್ಜಾರ, ನಮ್ಮ ಅತ್ತಿಯವ್ರಿಗೆ.’
‘ಹಾಂ, ಅತ್ತಿಯವ್ರಿಗೆ. ಜಾಗಾದ ತಂಟೇನೂ ಕಾಣತೈತಿ.’
‘ಇಲ್ರಿ, ಅಂಥಾದೇನಿಲ್ಲ.’
‘ಈಗಿಲ್ಲ. ಬರೂದೈತಿ.’

ಮೊಣಕಾಲು ನೋಯದ ಮನೆ ಯಾವುದು? ‘ಅತ್ತಿ’ ಎಂದವರು ನೀವು, ಅವರು ಅದನ್ನೇ ತಿರುಗಿ ಹೇಳಿದರು. ತಪ್ಪಿದ ಮಾತನ್ನು ಮುಂದಿನ ದಿನಕ್ಕೆ ದೂಡಿದರು. ಬಸ್ಸು ಹತ್ತುವ ಹೊತ್ತಿಗೆ ಜಾಗದ ಮಾತು ಮರೆತು ಮೊಣಕಾಲಷ್ಟೇ ನೆನಪಿರುತ್ತದೆ. ಅದಕ್ಕೇ ಚೀಟಿ ಕಿಸೆಯಲ್ಲೇ ಇರಲಿ, ‘ಹೌದ್ರಿ’ ಅನ್ನುವುದನ್ನೂ ಹಿಡಿದಿಡಿ. ಈ ದುಃಖದಲ್ಲಿ ಪಾಲಿಲ್ಲದ ಒಬ್ಬರನ್ನು ಜೊತೆಗೆ ಒಯ್ದು, ಹೇಳಿದ್ದನ್ನೆಲ್ಲ ತಾರೀಖು ಹಾಕಿ ಬರೆಸಿ. ತಪ್ಪಿದ್ದನ್ನೂ ಬರೆಸಿ. ಮೂರು ತಿಂಗಳಿಗೆ ತೆಗೆದು ಓದಿ.

ನಿಂಬೆಹಣ್ಣು ಕೊಯ್ದಾಗ ರಕ್ತ ಬರುವುದಕ್ಕೂ ಬೆರಗಾಗಬೇಡಿ. ಕಾಲೇಜಿನ ಪ್ರಯೋಗಾಲಯದಲ್ಲಿ ಸಿಗುವ ಮಿಥೈಲ್ ಆರೆಂಜ್ ಎಂಬ ಬಣ್ಣವನ್ನು ಚಾಕುವಿಗೆ ಸವರಿ ಒಣಗಿಸಿದರೆ ಅಷ್ಟಾಗಿ ಕಾಣುವುದಿಲ್ಲ. ಹುಳಿ ತಾಗಿದೊಡನೆ ಕೆಂಪಾಗುತ್ತದೆ. ಚಾಕು ನಿಮ್ಮ ಮನೆಯದು, ಹಣ್ಣು ನೀವೇ ಸಂತೆಯಲ್ಲಿ ಆರಿಸಿ ತಂದದ್ದು ಆಗಲಿ ಎಂದು ಕೇಳಿ ನೋಡಿ.

ದುಡ್ಡು ಕೇಳುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ‘ಮೂಡಣ ದಿಕ್ಕಿನ ಮನಿ. ಕೆಂಪನ ಹೆಣ್ಮಗಳು. ನಿಮ್ಮ ಬಳಗದಾಕಿನ. ಆಕಿ ಮಾಟ ಮಾಡ್ಸ್ಯಾಳ.’ ಬಳಗವೆಲ್ಲ ಒಂದೇ ಓಣಿಯಲ್ಲಿರುವ ಊರಲ್ಲಿ ಈ ಗುರುತಿಗೆ ಹೊಂದುವವಳು ಒಬ್ಬಳಾದರೂ ಸಿಕ್ಕೇ ಸಿಗುತ್ತಾಳೆ. ಮುಂದಿನ ಪಂಚಮಿಗೆ ಆ ಮನೆಯ ಉಂಡಿ ಈ ಮನೆಗೆ ಬರುವುದಿಲ್ಲ. ನೂರೊಂದು ರೂಪಾಯಿ ಹೋದರೆ ದುಡಿದುಕೊಳ್ಳಬಹುದು, ಇದಕ್ಕೆ ಮದ್ದಿಲ್ಲ. ಮನುಷ್ಯರತ್ತ ಬೊಟ್ಟು ಮಾಡಿದ ಕೂಡಲೇ ಎದ್ದು ಬನ್ನಿ. ‘ಯಾರ ಮುಂದೂ ಹೇಳಬ್ಯಾಡ್ರಿ’, ‘ಬರೂ ಅಮಾಸಿ ಒಳಗ ಆಗಬೇಕು’, ‘ಹೆಣ್ಮಗಳನ್ನ ಒಬ್ಬಾಕಿನ್ನ ಒಳಗ ಕಳಸ್ರಿ’ ಅಂದರೂ ಅಷ್ಟೇ.

ಕಾನೂನು ಇದೆ. ಕರ್ನಾಟಕದ ವಾಮಾಚಾರ ತಡೆ ಕಾಯ್ದೆ 2017ರದು, 2020ರಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುತ್ತೇನೆಂದು ಕಟ್ಟಿ ಹೊಡೆಯುವುದು, ಹಾವು, ಚೇಳು, ನಾಯಿ ಕಚ್ಚಿದವರನ್ನು ದವಾಖಾನೆಗೆ ಹೋಗದಂತೆ ತಡೆಯುವುದು ಇವೆಲ್ಲ ಅಪರಾಧ. 1ರಿಂದ 7 ವರ್ಷ ಸೆರೆ, 5,000ದಿಂದ 50,000 ರೂಪಾಯಿ ದಂಡ. ಆದರೆ ಜ್ಯೋತಿಷ್ಯ, ವಾಸ್ತು ಇದರ ಹೊರಗಿವೆ. ಅಲ್ಲಿ ಸೋಸುವ ಕೆಲಸ ನಿಮ್ಮದೇ. ವಾಟ್ಸಾಪಿನಲ್ಲೇ ಫೋಟೋ, ತಾಯಿಯ ಹೆಸರು ಕೇಳಿ ದುಡ್ಡು ಹಾಕಿಸಿಕೊಂಡಿದ್ದರೆ ನಾಚಿಕೊಂಡು ಕೂಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಹಾಗಾದರೆ ಯಾರನ್ನು ನಂಬಬೇಕು? ನಮ್ಮ ಜಿಲ್ಲೆಯವರ ಕಣ್ಣಮುಂದೆ ಒಂದು ಅಳತೆಗೋಲು ಇದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದರು. 2023ರ ಜನವರಿ 2ರಂದು ತೀರಿಕೊಂಡಾಗ, ಸ್ಮಾರಕ ಕಟ್ಟಬೇಡಿ ಎಂದು ಮೊದಲೇ ಬರೆದಿಟ್ಟ ಪತ್ರ ಇತ್ತು. ಹಾಗಂತ ಅಂಗಿ ನೋಡಿ ಮೋಸಹೋಗಬೇಡಿ. ಕಿಸೆಯಿಲ್ಲದ ಅಂಗಿಯನ್ನು ಯಾವ ಟೇಲರನೂ ಹೊಲಿದುಕೊಡುತ್ತಾನೆ. ಕಾಣಿಕೆಗೆ ರಸೀದಿ ಕೊಡುತ್ತಾರೆಯೇ, ಲೆಕ್ಕ ಯಾರ ಕೈಯಲ್ಲಿದೆ, ನೀರು ತಂದುಕೊಡುವ ಹುಡುಗನನ್ನು ಹೇಗೆ ಕರೆಯುತ್ತಾರೆ, ‘ಇದು ನನಗ ತಿಳಿಯೂದಿಲ್ಲಪಾ, ಡಾಕ್ಟರ್‌ಗೆ ತೋರಸ್ರಿ’ ಎಂದು ಎಂದಾದರೂ ಅಂದದ್ದುಂಟೇ, ಇವನ್ನು ನೋಡಿ. ಒಂದೆರಡು ಸಲ ಪ್ರವಚನದಲ್ಲಿ ಹಿಂದೆ ಕೂತು ಕೇಳಿದರೆ ಇದರಲ್ಲಿ ಅರ್ಧ ತಿಳಿಯುತ್ತದೆ.

ಕೊನೆಗೆ ಎಲ್ಲರೂ ಕೇಳುವುದು: ‘ನೀವು ಹೇಳೂದು ಖರೇರಿ, ಆದ್ರ ನಮ್ಮ ಅತ್ತಿ ಕೇಳೂದಿಲ್ಲ.’ ಜಗಳಾಡಬೇಡಿ, ಜೊತೆಗೆ ಹೋಗಿ. ಕಿಸೆಯಲ್ಲಿ ನೂರೊಂದು ರೂಪಾಯಿ ಮತ್ತು ಬಸ್ ಚಾರ್ಜ್ ಇರಲಿ, ಅಲ್ಲೇ ದುಡ್ಡು ಹಾಕಿಸಿಕೊಳ್ಳದಂತೆ ಫೋನು ಮನೆಯಲ್ಲಿರಲಿ. ತಾಯತ ಕಟ್ಟಿಸಿದರೆ ಕಟ್ಟಿಸಿಕೊಳ್ಳಲಿ. ಗುಳಿಗೆ ನಿಲ್ಲಿಸಿ ಅಂದರೆ ಮಾತ್ರ ಹೂಂ ಅನ್ನಬೇಡಿ. ಬಿಪಿ, ಸಕ್ಕರೆ ಗುಳಿಗೆ ತಪ್ಪಬಾರದು. ಮೂರ್ಛೆರೋಗದ್ದಂತೂ ಒಂದು ಹೊತ್ತೂ ತಪ್ಪಬಾರದು, ತಟ್ಟನೆ ಬಿಟ್ಟರೆ ಫಿಟ್ಸ್ ಒಂದರ ಮೇಲೊಂದು ಬರಬಹುದು. ಹೋಗುವ ದಿನ ಆ ಗುಳಿಗೆ ಬುತ್ತಿಯ ಚೀಲದಲ್ಲೇ ಇರಲಿ.