‘ಜಸ್ಟಿಫೈಯಬಲ್’ ಎಂಬ ಪದದ ಬಗ್ಗೆ

‘ಜಸ್ಟಿಫೈಯಬಲ್’ ಎಂಬ ಇಂಗ್ಲಿಷ್ ಗುಣವಾಚಕವನ್ನು ‘ಸಮರ್ಥನೀಯ’ ಎಂದು ಕನ್ನಡಿಸುವುದು ವಾಡಿಕೆಯಾದರೂ, ‘ತಕ್ಕ ಕಾರಣ ಕೊಟ್ಟು ಸರಿಯೆಂದು ತೋರಿಸಬಹುದಾದ’ ಎಂಬ ಬಿಡಿಸಿದ ರೂಪವೇ ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಪದದ ಜೀವವಿರುವುದು ಆ ‘ಬಹುದಾದ’ ಎಂಬಲ್ಲಿ. ‘ಜಸ್ಟಿಫೈಡ್’ ಎಂದರೆ ಸಮರ್ಥನೆ ದೊರೆತಾಗಿದೆ. ‘ಜಸ್ಟಿಫೈಯಬಲ್’ ಎಂದರೆ ಸಮರ್ಥನೆಗೆ ಎಡೆಯಿದೆ. ಕೋಪ, ಖರ್ಚು, ವಿಳಂಬ ಮುಂತಾದ, ಯಾರಾದರೂ ಆಕ್ಷೇಪಿಸಬಹುದಾದ ಸಂಗತಿಗಳಿಗೇ ಇದು ಹೆಚ್ಚಾಗಿ ಹೊಂದುತ್ತದೆ.

ಉಚ್ಚಾರದಲ್ಲಿ ಹತ್ತಿರವಿರುವ ‘ಜಸ್ಟಿಶಿಯಬಲ್’ ಪದದೊಂದಿಗೆ ಇದನ್ನು ಬೆರೆಸುವುದು ಮಾತ್ರ ದೊಡ್ಡ ತಪ್ಪು. ಅದರ ಅರ್ಥ ನ್ಯಾಯಾಲಯದ ತೀರ್ಮಾನಕ್ಕೆ ಒಳಪಡಿಸಬಹುದಾದ ಎಂದು. ನಮ್ಮ ಸಂವಿಧಾನದ 37ನೇ ವಿಧಿಯ ಪ್ರಕಾರ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳನ್ನು ಯಾವ ನ್ಯಾಯಾಲಯದ ಮೂಲಕವೂ ಜಾರಿಮಾಡಿಸಲಾಗದು. ಹಾಗೆಂದು ಅವು ಸಮರ್ಥನೀಯವಲ್ಲ ಎಂದು ಯಾರೂ ಹೇಳಲಾರರು, ಆಡಳಿತಕ್ಕೆ ಅವು ಮೂಲಭೂತವೆಂದು ಅದೇ ವಿಧಿ ಸಾರುತ್ತದೆ.