ರೇಟಿನ ಸ್ಲೇಟಿನ ಮೇಲೆ ವಾರಕ್ಕೊಂದು ಪದ

ಮೈಸೂರಿನ ಮಾನಸಗಂಗೋತ್ರಿ ಹತ್ತಿರ ನನ್ನದೊಂದು ಡಿ.ಟಿ.ಪಿ. ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಸ್ಪೈರಲ್ ಹಾಕುವ ಇನ್ನೊಂದು ಮೆಷಿನ್, ಗಿರಾಕಿಗಳಿಗೆ ಒಂದು ಬೆಂಚು. 18 ವರ್ಷದಿಂದ ಪಿಎಚ್.ಡಿ. ಮಾಡುವವರ ಥೀಸಿಸ್ ಟೈಪ್ ಮಾಡುತ್ತಿದ್ದೇನೆ. ಕನ್ನಡದ್ದಾದರೆ ನುಡಿ ಸಾಫ್ಟ್‌ವೇರಿನಲ್ಲಿ, ಇಂಗ್ಲಿಷಿನದ್ದಾದರೆ ವರ್ಡ್‌ನಲ್ಲಿ. ಎರೆಹುಳದಿಂದ ಹಿಡಿದು ಹಳೇ ಕಾಲದ ನಾಣ್ಯದವರೆಗೆ ಏನೇನೋ ಈ ಕೈಯಲ್ಲಿ ಹಾದು ಹೋಗಿದೆ.

ಇಂಗ್ಲಿಷಿನ ಅಪರೂಪದ ಪದಗಳ ಹುಚ್ಚು ನನಗೆ ಹತ್ತಿದ್ದು ಅಲ್ಲೇ. ಪ್ರಾಣಿಶಾಸ್ತ್ರದ ಹುಡುಗನೊಬ್ಬ ಕೈಯಲ್ಲಿ ಬರೆದ ಡ್ರಾಫ್ಟ್ ಕೊಟ್ಟು ಹೋಗಿದ್ದ. ಮೂರನೇ ಅಧ್ಯಾಯದಲ್ಲಿ ಒಂದು ಪದ ಬಂತು. ಬಾರ್ಬರಿಗ್ಮಸ್. ಹಾಗೇ ಟೈಪ್ ಮಾಡಿದೆ, ಕೆಳಗೆ ಕೆಂಪು ಗೆರೆ ಬಂತು. ಫೋನ್ ಮಾಡಿ, "ಸ್ಪೆಲ್ಲಿಂಗ್ ತಪ್ಪಿದೆಯೇನಪ್ಪಾ?" ಅಂತ ಕೇಳಿದೆ. "ನೀವು ಇನ್ನೊಂದ್ಸಲ ನೋಡಿ ಅಕ್ಕ, ಒಂದಕ್ಷರ ಬಿಟ್ಟಿರ್ತೀರ. ಹೊಟ್ಟೆ ಗುಡುಗುಡು ಅನ್ನುತ್ತಲ್ಲ, ಅದು ಅಕ್ಕ," ಅಂದ.

ಫೋನ್ ಇಟ್ಟ ಮೇಲೆ ಆ ಪದವನ್ನು ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಂಡೆ. ಬಾರ್. ಬರ್. ಗ್ರೀಕರು ಹೊಟ್ಟೆಯ ಸದ್ದನ್ನೇ ಕೇಳಿಸಿಕೊಂಡು ಕಟ್ಟಿದ ಪದ ಅದು. ನಮಗೆ ಗುಡುಗುಡು, ಗೊರಗೊರ ಅಂತ ಕೇಳಿಸಿದ್ದು ಅವರ ಕಿವಿಗೆ ಬೊರ್ಬೊರ್ ಅಂತ ಕೇಳಿಸಿದೆ. ಎರಡು ಸಾವಿರ ವರ್ಷದ ಹಿಂದಿನ ಯಾರದೋ ಹಸಿದ ಹೊಟ್ಟೆ ನನ್ನ ಸ್ಕ್ರೀನಿನ ಮೇಲೆ ಸದ್ದು ಮಾಡಿದ ಹಾಗಾಯಿತು. ಅವತ್ತೇ ಒಂದು ಲಾಂಗ್ ಬುಕ್ ತೆಗೆದು ಆ ಪದ ಬರೆದಿಟ್ಟೆ. ಈಗ ಮೂರನೇ ಲಾಂಗ್ ಬುಕ್ ನಡೆಯುತ್ತಿದೆ.

ಮೊದಮೊದಲು ಸಿಕ್ಕಿದ್ದೆಲ್ಲ ಬರೆಯುತ್ತಿದ್ದೆ. ಆಮೇಲೆ ಗೊತ್ತಾಯಿತು, ನನಗೆ ಜಾಸ್ತಿ ಖುಷಿ ಕೊಡುವುದು ಒಂದೇ ಜಾತಿಯ ಪದಗಳು. ಇಂಗ್ಲಿಷಿನವರಿಗೇ ಗೊತ್ತಿಲ್ಲದಷ್ಟು ಅಪರೂಪದ ಪದ, ಆದರೆ ಅದೇ ಅರ್ಥಕ್ಕೆ ನಮ್ಮ ಮನೆಯಲ್ಲಿ ದಿನಾ ಬಳಸುವ ಒಂದು ಪದ ಇರಬೇಕು. ಬೆಳಿಗ್ಗೆ ಎದ್ದು ಮೈ ಮುರಿಯುತ್ತೇವಲ್ಲ, ಅದಕ್ಕೆ ಪ್ಯಾಂಡಿಕ್ಯುಲೇಷನ್ ಅಂತಾರೆ. ಕಾಲು ಜೋಮು ಹಿಡಿದರೆ ಆಬ್ಡಾರ್ಮಿಷನ್. ಸಾಮಾನ್ಯ ಇಂಗ್ಲಿಷಿನಲ್ಲಿ ಪಿನ್ನು, ಸೂಜಿ ಅಂತ ಸುತ್ತಿ ಬಳಸಿ ಹೇಳುತ್ತಾರೆ. ನಮಗೆ ಎರಡಕ್ಷರ ಸಾಕು, ಜೋಮು. ಎಷ್ಟು ಚೆನ್ನಾಗಿದೆ ಅಲ್ವಾ?

ಮೈ ಜುಮ್ಮೆನ್ನುವುದಕ್ಕೆ ಹಾರಿಪಿಲೇಷನ್ ಅನ್ನುವ ಪದ ಇದೆ. ಲ್ಯಾಟಿನ್‌ನಲ್ಲಿ ಹಾರೇರೆ ಅಂದರೆ ನಿಮಿರಿ ನಿಲ್ಲುವುದು, ಪಿಲಸ್ ಅಂದರೆ ಕೂದಲು. ನಮ್ಮ ರೋಮಾಂಚನದ ಹಾಗೇ. ಅದೇ ಹಾರೇರೆಯಿಂದ ಇಂಗ್ಲಿಷಿನ ಹಾರರ್ ಬಂತು. ಸಂಸ್ಕೃತದ ಹರ್ಷವೂ ಅದೇ ಬೇರಿನ ಪದ ಅಂತ ಭಾಷಾಶಾಸ್ತ್ರದವರು ಹೇಳುತ್ತಾರೆ. ಕೂದಲು ನಿಮಿರುವುದೊಂದೇ ವಿಷಯ. ಅತ್ತ ಹೋದದ್ದು ಭಯವಾಯಿತು, ಇತ್ತ ಬಂದದ್ದು ಸಂತೋಷವಾಯಿತು. ಇದನ್ನು ಓದಿದ ದಿನ ನನ್ನ ಕೈಯ ಮೇಲೂ ಕೂದಲು ಎದ್ದು ನಿಂತಿತ್ತು.

ಆದರೆ ನನ್ನ ಲಾಂಗ್ ಬುಕ್ಕಿನಲ್ಲಿ ನನಗೆ ತುಂಬಾ ಇಷ್ಟದ ಪದ ಸಿಂಗಲ್ಟಸ್. ಬಿಕ್ಕಳಿಕೆಗೆ ಡಾಕ್ಟರುಗಳು ಹೇಳುವ ಹೆಸರು. ಅರ್ಥ ನೋಡಿ ಬರೆದುಕೊಂಡು ಪುಟ ತಿರುಗಿಸಬೇಕು ಅನ್ನುವಷ್ಟರಲ್ಲಿ ಬ್ರಾಕೆಟ್ಟಿನೊಳಗಿದ್ದ ಮೂಲ ಕಣ್ಣಿಗೆ ಬಿತ್ತು. ಲ್ಯಾಟಿನ್‌ನಲ್ಲಿ ಸಿಂಗಲ್ಟಸ್ ಅಂದರೆ ಬಿಕ್ಕಳಿಕೆಯೂ ಹೌದು, ಬಿಕ್ಕಿ ಬಿಕ್ಕಿ ಅಳುವುದೂ ಹೌದು. ನಮ್ಮಲ್ಲೂ ಹಾಗೇ ತಾನೆ! ಬಿಕ್ಕಳಿಕೆಯಲ್ಲೂ ಬಿಕ್ಕು, ಅಳುವಿನಲ್ಲೂ ಬಿಕ್ಕು. ಕನ್ನಡ ಎಲ್ಲಿ, ಲ್ಯಾಟಿನ್ ಎಲ್ಲಿ. ಒಂದಕ್ಕೊಂದು ನೆಂಟಸ್ತನವೂ ಇಲ್ಲ. ಆದರೂ ಇಬ್ಬರೂ ಒಂದೇ ಕಡೆ ಬಂದು ನಿಂತಿದ್ದಾರೆ.

ನನ್ನ ಮಗಳು ನಾಲ್ಕು ವರ್ಷದವಳಿದ್ದಾಗ ಮೂರು ಗಾಲಿ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡಿದ್ದಳು. ಅರ್ಧ ಗಂಟೆ ಅತ್ತಳು. ಅಳು ನಿಂತ ಮೇಲೂ ಎದೆ ನಿಲ್ಲಲಿಲ್ಲ. ನನ್ನ ಹೆಗಲ ಮೇಲೆ ಮಲಗಿ ಹಿಕ್, ಹಿಕ್ ಅಂತ ಉಸಿರು ಎಳೆದುಕೊಳ್ಳುತ್ತಿದ್ದಳು. ನನ್ನ ಅಮ್ಮ ನೀರು ತಂದು ಕುಡಿಸಿ, "ಯಾರೋ ನೆನೆಸ್ಕತಾವ್ರೆ ಕಣವ್ವ ನಿನ್ನ," ಅಂತ ಬೆನ್ನು ಸವರಿದರು. ಅದು ಅಳುವೋ ಬಿಕ್ಕಳಿಕೆಯೋ ಅಂತ ಅವತ್ತು ನನಗೆ ತಿಳಿಯಲಿಲ್ಲ. ಸಿಂಗಲ್ಟಸ್ ಓದಿದ ದಿನ ಆ ಮಗುವಿನ ಎದೆ ನನ್ನ ಹೆಗಲಿಗೆ ತಾಗಿದ್ದು ಹಾಗೇ ನೆನಪಿಗೆ ಬಂತು. ಈ ಎರಡನ್ನೂ ಒಂದೇ ಪದದಲ್ಲಿ ಹಿಡಿದವರು ಯಾರೋ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡಿದವರೇ ಇರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಅಪ್ಪ ಈ ಆಟಕ್ಕೆ ಸೇರಿಕೊಂಡಿದ್ದು ಆಮೇಲೆ. ನಮ್ಮ ಊರು ಪಾಂಡವಪುರದ ಕಡೆ. ಕಬ್ಬು, ಭತ್ತ, ಮನೆ ಮುಂದೆ ಎರಡು ಎಮ್ಮೆ. ಒಂದು ಸಲ ಕೃಷಿಯ ಥೀಸಿಸ್ ಟೈಪ್ ಮಾಡುವಾಗ ರಟೂನ್ ಅಂತ ಬಂತು. ಸ್ಪ್ಯಾನಿಷ್ ಮೂಲದ್ದು, ಚಿಗುರು ಅನ್ನುವ ಪದದಿಂದ ಬಂದಿದ್ದು. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿದ ಬುಡದಿಂದ ಮತ್ತೆ ಬೆಳೆಯುವ ಬೆಳೆ ಅಂತ ವಿವರಣೆ ಇತ್ತು. ರಾತ್ರಿ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಓದುವುದಕ್ಕೂ ಬಿಡಲಿಲ್ಲ. "ಅದೇನವ್ವ ಅಷ್ಟುದ್ದ ಯೋಳೀಯೆ? ಕೂಳೆ ಕಬ್ಬು ಅನ್ನು. ಮೊದಲ್ನೇದು ತನಿ, ಎರಡನೇದು ಕೂಳೆ," ಅಂದರು.

ಕೂಳೆ. ಎಷ್ಟೋ ವರ್ಷದಿಂದ ಆ ಪದ ನನ್ನ ಬಾಯಲ್ಲಿ ಬಂದೇ ಇರಲಿಲ್ಲ. ಚಿಕ್ಕವಳಿದ್ದಾಗ ಬರಿಗಾಲಲ್ಲಿ ಗದ್ದೆಗೆ ಇಳಿದು ಕೂಳೆ ಚುಚ್ಚಿಸಿಕೊಂಡು ಅಳುತ್ತಾ ಬಂದವಳು ನಾನು. ಇಂಗ್ಲಿಷಿನ ಪದ ಹುಡುಕಲು ಹೋಗಿ ನನ್ನ ಪದವೇ ನನಗೆ ವಾಪಸ್ ಸಿಕ್ಕಿತು. ಅಪ್ಪನಿಗೂ ರುಚಿ ಹತ್ತಿತು. ಈಗ ರಾತ್ರಿ ಎಂಟಕ್ಕೆ ಅವರೇ ಫೋನ್ ಮಾಡುತ್ತಾರೆ. "ಇವತ್ತೇನು ಸಿಕ್ತು?"

ಅವರಿಗೆ ನಾನು ಕೊಟ್ಟ ಪದಗಳಲ್ಲಿ ಅವರು ಮೆಚ್ಚಿದ್ದು ಗಾಂಗೂಜ್ಲರ್. ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿ ನಡೆಸುವವರು ಆಡುತ್ತಿದ್ದ ಪದ. 1904ರಲ್ಲಿ ಕಾಲುವೆಗಳ ಬಗ್ಗೆ ಬಂದ ಒಂದು ಕೈಪಿಡಿಯಲ್ಲಿ ಅಚ್ಚಾಯಿತು. ದಡದಲ್ಲಿ ನಿಂತು, ಬೇರೆ ಕೆಲಸ ಇಲ್ಲದೆ, ಕಾಲುವೆಯನ್ನೇ ನೋಡುತ್ತಾ ಇರುವವನು ಅಂತ ಅರ್ಥ. ಲಿಂಕನ್‌ಷೈರ್ ಕಡೆಯ ಆಡುಮಾತಿನಲ್ಲಿ ಗಾನ್, ಗೂಜ್ ಅಂತ ಎರಡು ಪದ ಇವೆ. ಎರಡಕ್ಕೂ ದಿಟ್ಟಿಸಿ ನೋಡು ಅನ್ನುವ ಅರ್ಥ. ಅವೆರಡನ್ನೂ ಸೇರಿಸಿದ್ದಿರಬೇಕು ಅನ್ನುತ್ತಾರೆ.

ಕೆ.ಆರ್.ಎಸ್.ನಿಂದ ವಿ.ಸಿ. ನಾಲೆಗೆ ನೀರು ಬಿಟ್ಟ ದಿನ ನಮ್ಮ ಕಡೆ ನೋಡಬೇಕು ನೀವು. ಹಳಬರು ಈಗಲೂ ಇರ್ವಿನ್ ನಾಲೆ ಅಂತಾರೆ. "ನೀರು ಬಿಟ್ಟವ್ರಂತೆ" ಅಂತ ಒಬ್ಬರು ಅಂದರೆ ಸಾಕು, ಏರಿ ಮೇಲೆ ಜನ. ಮೊದಲು ಒಣ ಎಲೆ, ಕಸ, ನೊರೆ ಹೊತ್ತುಕೊಂಡು ಕೆಂಪು ನೀರು ಮೆಲ್ಲಗೆ ತೆವಳಿಕೊಂಡು ಬರುತ್ತದೆ. ಅದರ ಹಿಂದೆ ನಿಜವಾದ ನೀರು. ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸೇತುವೆ ಕಟ್ಟೆ ಮೇಲೆ ಕೂತರೆ ಊಟದ ಹೊತ್ತಿಗೇ ಏಳುವುದು. ನಮ್ಮ ನಾಲೆಯಲ್ಲಿ ದೋಣಿ ಬರುವುದಿಲ್ಲ. ಆದರೆ ನೋಡುವವರಿಗೆ ದೋಣಿಯೇ ಬೇಕು ಅಂತೇನೂ ಇಲ್ಲ. "ಅದಕ್ಕೂ ಒಂದು ಹೆಸರು ಮಡಗವ್ರಾ!" ಅಂತ ಅಪ್ಪ ಎರಡು ಸಲ ಹೇಳಿದರು. ಈಗ ಅಮ್ಮ ಫೋನ್ ಎತ್ತಿ, "ನಿಮ್ಮಪ್ಪ ಗಾಂಗೂಜ್ಲರ್‌ಗೆ ಹೋಗವ್ರೆ" ಅನ್ನುತ್ತಾರೆ. ಮನುಷ್ಯನ ಹೆಸರಾಗಿದ್ದ ಪದ ನಮ್ಮ ಮನೆಯಲ್ಲಿ ಒಂದು ಕೆಲಸದ ಹೆಸರಾಗಿದೆ. ನಾನು ತಿದ್ದಲಿಲ್ಲ. ಪದ ಮನೆಗೆ ಬಂದ ಮೇಲೆ ಮನೆಯವರು ಹೇಗೆ ಕರೆದರೆ ಹಾಗೆ.

ಅಂಗಡಿಯಲ್ಲೂ ಆಟ ಇದೆ. ಜೆರಾಕ್ಸ್, ಪ್ರಿಂಟ್ ರೇಟ್ ಬರೆಯುವ ಸ್ಲೇಟಿನ ಕೆಳಗೆ ಪ್ರತಿ ಸೋಮವಾರ ಒಂದು ಪದ ಬರೆಯುತ್ತೇನೆ, ಕನ್ನಡ ಅಕ್ಷರದಲ್ಲೇ. ಅರ್ಥ ಊಹಿಸಿದವರಿಗೆ ಪಕ್ಕದ ಹೋಟೆಲಿನಿಂದ ಒಂದು ಟೀ. ಮೊಬೈಲ್ ಮುಟ್ಟುವ ಹಾಗಿಲ್ಲ. ಗಾಂಗೂಜ್ಲರ್ ಬರೆದ ವಾರ ಒಬ್ಬ ಹುಡುಗ ಗೋಂಗುರ ಚಟ್ನಿ ಪ್ರಿಯ ಅಂದ. ಅಪ್ರಿಸಿಟಿ ಬರೆದಾಗ ಅರ್ಧ ಜನ ಯಾವುದೋ ಲೇಔಟ್ ಹೆಸರು ಅಂದುಕೊಂಡರು. ರಿಂಗ್ ರೋಡಿನ ಆಚೆಯಾ, ಸೈಟ್ ಎಷ್ಟು ಅಂತ ಒಬ್ಬರು ವಿಚಾರಿಸಿಯೂ ಬಿಟ್ಟರು.

ಅಪ್ರಿಸಿಟಿ ಅಂದರೆ ಚಳಿಗಾಲದ ಬಿಸಿಲಿನ ಕಾವು. ಹೆನ್ರಿ ಕಾಕರಂ ಅನ್ನುವವನು 1623ರಲ್ಲಿ ತಂದ ಒಂದು ಸಣ್ಣ ನಿಘಂಟಿನಲ್ಲಿ ಅದನ್ನು ಬರೆದಿಟ್ಟ. ಆಮೇಲೆ ಅದನ್ನು ಬಳಸಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಷ್ಟು ಒಳ್ಳೆಯ ಪದವನ್ನು ಯಾಕೆ ಬಿಟ್ಟರೋ, ನೆನೆಸಿಕೊಂಡರೆ ಸಂಕಟ ಆಗುತ್ತದೆ. ಡಿಸೆಂಬರಿನಲ್ಲಿ ಬೆಳಿಗ್ಗೆ ನಮ್ಮ ರಸ್ತೆಯ ಅಜ್ಜಂದಿರು ಸ್ವೆಟರ್, ಮಫ್ಲರ್ ಹಾಕಿಕೊಂಡು ಎದುರು ಮನೆಯ ಕಾಂಪೌಂಡಿಗೆ ಬೆನ್ನು ಕೊಟ್ಟು ಬಿಸಿಲು ಕಾಯಿಸುತ್ತಾ ನಿಲ್ಲುತ್ತಾರೆ. ಬಿಸಿಲು ಮುಂದೆ ಸರಿದ ಹಾಗೆ ಅವರೂ ಒಂದೊಂದು ಹೆಜ್ಜೆ ಸರಿಯುತ್ತಾರೆ. ಅವರಿಗೆ ಈ ಪದ ಹೇಳಿಕೊಟ್ಟಿದ್ದೇನೆ.

ಉದ್ದುದ್ದ ಪದಗಳ ಮೇಲೆ ನನಗೆ ಅಷ್ಟು ಪ್ರೀತಿ ಇಲ್ಲ. 29 ಅಕ್ಷರದ ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್ ಬಾಯಿಪಾಠ ಮಾಡಿಕೊಂಡು ಬರುವ ಮಕ್ಕಳಿದ್ದಾರೆ. ಒಂದಕ್ಕೆ ಏನೂ ಬೆಲೆ ಇಲ್ಲ ಅಂತ ತಳ್ಳಿಹಾಕುವುದು ಅಂತ ಅದರ ಅರ್ಥ. ಹೇಳಲಿ ಪಾಪ, ನಾಲಿಗೆಗೆ ವ್ಯಾಯಾಮ. ಆದರೆ ಉದ್ದದ್ದರಲ್ಲಿ ಒಂದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಅಲ್ಟ್ರಾಕ್ರೆಪಿಡೇರಿಯನ್. ಗ್ರೀಸಿನಲ್ಲಿ ಅಪೆಲಿಸ್ ಅನ್ನುವ ಚಿತ್ರಕಾರನಿದ್ದ. ಅವನ ಚಿತ್ರದಲ್ಲಿ ಚಪ್ಪಲಿ ತಪ್ಪಾಗಿದೆ ಅಂತ ಒಬ್ಬ ಚಪ್ಪಲಿ ಹೊಲಿಯುವವನು ಹೇಳಿದ. ಅಪೆಲಿಸ್ ತಿದ್ದಿದ. ಮಾರನೇ ದಿನ ಅವನೇ ಬಂದು ಕಾಲೂ ಸರಿಯಿಲ್ಲ ಅಂದ. ಚಪ್ಪಲಿಯಿಂದ ಮೇಲಕ್ಕೆ ಮಾತಾಡಬೇಡ ಅಂದನಂತೆ ಅಪೆಲಿಸ್. ರೋಮಿನ ಲೇಖಕ ಪ್ಲಿನಿ ಬರೆದಿಟ್ಟ ಕಥೆ ಇದು. ಅಲ್ಟ್ರಾ ಅಂದರೆ ಆಚೆಗೆ, ಕ್ರೆಪಿಡಾ ಅಂದರೆ ಚಪ್ಪಲಿ. 1819ರಲ್ಲಿ ಹ್ಯಾಜ್ಲಿಟ್ ಅನ್ನುವ ಲೇಖಕ ಈ ಪದವನ್ನು ಅಚ್ಚಿನಲ್ಲಿ ಬಳಸಿದ. ನಾನು ಇದನ್ನು ಸ್ಲೇಟಿನಲ್ಲಿ ಬರೆದು ಕಥೆ ಹೇಳಿ ಮುಗಿಸುವಷ್ಟರಲ್ಲಿ ಬೆಂಚಿನ ಮೇಲಿದ್ದ ಒಬ್ಬರು ಮೇಷ್ಟ್ರು, "ಅಧಿಕಪ್ರಸಂಗಿ!" ಅಂದರು. ಟೀ ಜೊತೆಗೆ ಒಂದು ಮದ್ದೂರು ವಡೆಯನ್ನೂ ತರಿಸಿದೆ.

ಟೈಪ್ ಮಾಡುವವರೆಲ್ಲ ತಿಳಿದಿರಬೇಕಾದ ಒಂದು ಪದ ಇದೆ. ಡಾರ್ಡ್. ಅಮೆರಿಕದ ವೆಬ್‌ಸ್ಟರ್ಸ್ ನಿಘಂಟಿಗೆ 1931ರಲ್ಲಿ ರಸಾಯನಶಾಸ್ತ್ರದ ಸಂಪಾದಕ ಆಸ್ಟಿನ್ ಪ್ಯಾಟರ್ಸನ್ ಒಂದು ಚೀಟಿ ಕಳಿಸಿದರು. ಸಾಂದ್ರತೆಗೆ ದೊಡ್ಡ ಡಿ ಅಥವಾ ಚಿಕ್ಕ ಡಿ ಅನ್ನುವ ಗುರುತು ಬಳಸಬಹುದು ಅಂತ ಅದರಲ್ಲಿತ್ತು. ಇಂಗ್ಲಿಷಿನಲ್ಲಿ 'ಅಥವಾ'ಗೆ ಓ, ಆರ್ ಅಂತ ಎರಡೇ ಅಕ್ಷರ. ಅಲ್ಲಿ ಪದಗಳನ್ನು ಅಕ್ಷರದ ನಡುವೆ ಜಾಗ ಬಿಟ್ಟು ಟೈಪ್ ಮಾಡುವ ಪದ್ಧತಿ ಇತ್ತು. ಹಾಗಾಗಿ ಡಿ, ಓ, ಆರ್, ಡಿ ನಾಲ್ಕೂ ಸೇರಿ ಒಂದು ಪದ ಅಂತ ಯಾರೋ ತಿಳಿದುಕೊಂಡರು. 1934ರ ಆವೃತ್ತಿಯಲ್ಲಿ ಡಾರ್ಡ್ ಅಂದರೆ ಸಾಂದ್ರತೆ ಅಂತ ಅಚ್ಚಾಗಿಯೇ ಹೋಯಿತು. ಈ ಪದಕ್ಕೆ ಮೂಲವೇ ಕೊಟ್ಟಿಲ್ಲವಲ್ಲ ಅಂತ ಒಬ್ಬ ಸಂಪಾದಕರ ಕಣ್ಣಿಗೆ ಬಿದ್ದದ್ದು 1939ರಲ್ಲಿ.

ಆ ಚೀಟಿ ಹಿಡಿದವರ ಮೇಲೆ ನನಗೆ ಕೋಪ ಬರುವುದಿಲ್ಲ. ರಾತ್ರಿ ಹನ್ನೊಂದಕ್ಕೆ, ನಾಳೆ ಬೆಳಿಗ್ಗೆ ಸಬ್ಮಿಷನ್ ಅಂತ ಪಕ್ಕದಲ್ಲಿ ಕೂತ ವಿದ್ಯಾರ್ಥಿಯ ಮುಖ ನೋಡುತ್ತಾ ಟೈಪ್ ಮಾಡಿದವರಿಗೆ ಒಂದು ಸ್ಪೇಸ್ ಎಷ್ಟು ಸಣ್ಣದು, ಎಷ್ಟು ದೊಡ್ಡದು ಅಂತ ಗೊತ್ತು. ಡಾರ್ಡ್ ಕಥೆ ತಿಳಿದ ದಿನದಿಂದ ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾವ ಪದವನ್ನೂ ನಾನು ಹಾಗೇ ಸ್ಲೇಟಿಗೆ ಹಾಕುವುದಿಲ್ಲ. ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡ ದಪ್ಪ ಆಕ್ಸ್‌ಫರ್ಡ್ ಇದೆ. ಅದರಲ್ಲಿ ಸಿಗದಿದ್ದರೆ ಗೊತ್ತಿರುವ ಪ್ರೊಫೆಸರ್ ಒಬ್ಬರನ್ನು ಕೇಳುತ್ತೇನೆ. ಯಾರು, ಯಾವಾಗ, ಎಲ್ಲಿ ಬಳಸಿದರು ಅಂತ ಒಂದು ಸುಳಿವಾದರೂ ಬೇಕು.

ಈ ವಾರದ್ದು ಗ್ಲಬೆಲ್ಲ. ಲ್ಯಾಟಿನ್‌ನಲ್ಲಿ ಕೂದಲಿಲ್ಲದ, ನುಣುಪಾದ ಅನ್ನುವ ಪದದಿಂದ ಬಂದಿದೆ, ನಿಮ್ಮ ಮುಖದಲ್ಲೇ ಇದೆ ಅಂತ ಸುಳಿವು ಕೊಟ್ಟಿದ್ದೆ. ಮೂರು ದಿನ ಹುಡುಗರು ಮೂಗು, ಕೆನ್ನೆ, ಹಣೆ ಎಲ್ಲ ಮುಟ್ಟಿಕೊಂಡರು. ನಿನ್ನೆ ಸಂಜೆ ಹೂ ಮಾರುವ ಅಜ್ಜಿ ಮಲ್ಲಿಗೆ ಕೊಡಲು ಬಂದವರು, "ಏನವ್ವ ಎಲ್ಲಾ ಮುಖ ಮುಖ ಮುಟ್ಕೋತಾವ್ರೆ?" ಅಂತ ಕೇಳಿದರು. ಸುಳಿವು ಹೇಳಿದೆ. ಮೊಳ ಹಾಕುತ್ತಿದ್ದ ಕೈ ನಿಲ್ಲಿಸದೆ, "ಎರಡು ಹುಬ್ಬಿನ ಮಧ್ಯ ಅಲ್ವೇನವ್ವ, ಕುಂಕುಮ ಇಡೋ ಜಾಗ," ಅಂದರು. ಬೆಂಚಿನ ಮೇಲಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ನಾನು ಹೋಟೆಲಿನ ಕಡೆ ಕೂಗಿ ಒಂದು ಟೀ ಅಂದೆ.

"ಸಕ್ಕರೆ ಕಮ್ಮಿ ಹಾಕಿಸು," ಅಂದರು ಅಜ್ಜಿ.